ಹಾರ್ವೆ ಕಾಣದ ಕೊಂಡಿ

ಮುಂಗೈ ಮೇಲೆ ಹಸಿರಾಗಿ ಉಬ್ಬಿ ಕಾಣುವುದನ್ನು ಆಡುಮಾತಿನಲ್ಲಿ ‘ನರ’ ಎನ್ನುತ್ತೇವೆ. ವಾಸ್ತವವಾಗಿ ಅದು ನರವಲ್ಲ. ರಕ್ತವನ್ನು ಹೃದಯಕ್ಕೆ ಮರಳಿ ಒಯ್ಯುವ ಅಭಿಧಮನಿ. ಈ ‘ಮರಳಿ’ ಎಂಬ ಮಾತನ್ನು ಒಪ್ಪಲು ಯುರೋಪಿನ ವೈದ್ಯಲೋಕಕ್ಕೆ ಹದಿನಾಲ್ಕು ಶತಮಾನಗಳೇ ಬೇಕಾದವು.

ಎರಡನೇ ಶತಮಾನದಲ್ಲಿ ರೋಮ್‌ನಲ್ಲಿದ್ದ ಗ್ರೀಕ್ ವೈದ್ಯ ಗ್ಯಾಲೆನ್ ಪ್ರಕಾರ, ಉಂಡ ಆಹಾರದಿಂದ ಯಕೃತ್ತಿನಲ್ಲಿ ರಕ್ತ ಹುಟ್ಟುತ್ತದೆ. ಅಂಗಾಂಗಗಳಿಗೆ ಹರಿದು ಅಲ್ಲಿಯೇ ಖರ್ಚಾಗುತ್ತದೆ. ಗದ್ದೆಗೆ ಬಿಟ್ಟ ನೀರು ಇಂಗಿಹೋಗುವಂತೆ! ಸ್ವಲ್ಪ ರಕ್ತ ಮಾತ್ರ ಹೃದಯದ ನಡುಗೋಡೆಯಲ್ಲಿರುವ, ಕಣ್ಣಿಗೆ ಕಾಣದ ರಂಧ್ರಗಳ ಮೂಲಕ ಎಡಭಾಗಕ್ಕೆ ಜಿನುಗುತ್ತದೆ. ಅಂಥ ರಂಧ್ರಗಳೇ ಇಲ್ಲ, ರಕ್ತ ಶ್ವಾಸಕೋಶಗಳ ಮೂಲಕ ಎಡಭಾಗ ಸೇರುತ್ತದೆ ಎಂದು 13ನೇ ಶತಮಾನದಲ್ಲಿ ಕೈರೋದ ವೈದ್ಯ ಇಬ್ನ್ ಅಲ್ ನಫೀಸ್ ಬರೆದ. ಆದರೆ ಯುರೋಪಿನಲ್ಲಿ ಗ್ಯಾಲೆನ್ ಮಾತೇ ವೇದವಾಕ್ಯವಾಗಿತ್ತು.

ಇಟಲಿಯ ಪಡುವಾದಲ್ಲಿ ಪ್ರಾಧ್ಯಾಪಕನಾಗಿದ್ದ ಫ್ಯಾಬ್ರಿಷಿಯಸ್ 1603ರಲ್ಲಿ ಅಭಿಧಮನಿಗಳೊಳಗಿನ ಪುಟ್ಟ ಕವಾಟಗಳನ್ನು ವರ್ಣಿಸಿದ. ಅವುಗಳ ಕೆಲಸವೇನೆಂದು ಸರಿಯಾಗಿ ಗ್ರಹಿಸಿದವನು ಆತನ ಶಿಷ್ಯ, ಇಂಗ್ಲೆಂಡಿನ ವಿಲಿಯಂ ಹಾರ್ವೆ. ಅವು ರಕ್ತವನ್ನು ಹೃದಯದ ಕಡೆಗಷ್ಟೇ ಬಿಡುವ ಬಾಗಿಲುಗಳು. ತೋಳಿಗೆ ಪಟ್ಟಿ ಬಿಗಿದು, ಉಬ್ಬಿದ ನಾಳವನ್ನು ಬೆರಳಿನಿಂದ ಒತ್ತಿ ಆತ ಇದನ್ನು ತೋರಿಸಿದ. ಮೇಲಕ್ಕೆ ಸವರಿದ ರಕ್ತ ಕವಾಟ ದಾಟಿ ಕೆಳಗಿಳಿಯಲಿಲ್ಲ.

ಆದರೆ ಗ್ಯಾಲೆನ್ ವಾದವನ್ನು ಮುರಿದದ್ದು ಒಂದು ಸರಳ ಗುಣಾಕಾರ. ಹೃದಯ ಒಂದು ಮಿಡಿತಕ್ಕೆ ಅರ್ಧ ಔನ್ಸ್ ರಕ್ತ ಹೊರದೂಡುತ್ತದೆ ಎಂದುಕೊಳ್ಳೋಣ. ಅರ್ಧ ಗಂಟೆಯಲ್ಲಿ ಸಾವಿರ ಮಿಡಿತವೆಂದರೂ 500 ಔನ್ಸ್, ಅಂದರೆ 14 ಕಿಲೋಗೂ ಹೆಚ್ಚು. ಇಡೀ ದೇಹದಲ್ಲಿ ಇರುವುದೇ ಸುಮಾರು ಐದು ಲೀಟರ್. ಅರ್ಧ ಗಂಟೆಗೆ ಇಷ್ಟು ರಕ್ತ ತಯಾರಾಗಲು ಎಷ್ಟು ಉಣ್ಣಬೇಕು? ಹಾಗಾದರೆ ಅದೇ ರಕ್ತ ಸುತ್ತಿ ಬರುತ್ತಿರಬೇಕು. 1628ರಲ್ಲಿ ಹಾರ್ವೆ ಇದನ್ನು ಪುಸ್ತಕವಾಗಿ ಪ್ರಕಟಿಸಿದ. ಪ್ಯಾರಿಸ್‌ನ ಹೆಸರಾಂತ ಅಂಗರಚನಾ ತಜ್ಞ ರಿಯೋಲಾನ್‌ನಂಥವರು ವಿರೋಧಿಸಿದರು.

ಹಾರ್ವೆಯ ವಾದದಲ್ಲೂ ಒಂದು ಕೊಂಡಿ ಕಾಣೆಯಾಗಿತ್ತು. ಅಪಧಮನಿಯ ರಕ್ತ ಅಭಿಧಮನಿಗೆ ದಾಟುವುದೆಲ್ಲಿ? ಆತನಿಗೆ ಅದು ಕಾಣಲಿಲ್ಲ. ಗ್ಯಾಲೆನ್ ನಂಬಿದ್ದೂ ಕಾಣದ ರಂಧ್ರಗಳನ್ನೇ. ವ್ಯತ್ಯಾಸವಿಷ್ಟೆ: ಹಾರ್ವೆಯ ಕಾಣದ ದಾರಿಗೆ ಲೆಕ್ಕದ ಆಧಾರವಿತ್ತು. ಆತ 1657ರಲ್ಲಿ ತೀರಿಕೊಂಡ. ನಾಲ್ಕು ವರ್ಷಗಳ ಬಳಿಕ, 1661ರಲ್ಲಿ, ಬೊಲೋನಾದ ಮಾಲ್ಪೀಗಿ ಕಪ್ಪೆಯ ಶ್ವಾಸಕೋಶವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಆ ದಾರಿಯನ್ನು ಪ್ರಕಟಪಡಿಸಿದ. ಅವೇ ಲೋಮನಾಳಗಳು.

ಹೃದಯದ ಒತ್ತಡ ತಾಳಬೇಕಾದ ಅಪಧಮನಿಯ ಗೋಡೆ ದಪ್ಪ, ಅಭಿಧಮನಿಯದು ತೆಳು. ಲೋಮನಾಳದ ಗೋಡೆಯೋ ಒಂದೇ ಜೀವಕೋಶದಷ್ಟು. ಕೆಂಪು ರಕ್ತಕಣಗಳು ಅಲ್ಲಿ ಹೆಚ್ಚುಕಡಿಮೆ ಒಂದರ ಹಿಂದೊಂದು ಸಾಗಬೇಕು. ಆಮ್ಲಜನಕ, ಆಹಾರಾಂಶಗಳು ದೇಹಕ್ಕೆ ಸಿಗುವುದು ಅಲ್ಲಿಯೇ. ಇಂದು ಆಸ್ಪತ್ರೆಯಲ್ಲಿ ಕೈಗೆ ಚುಚ್ಚಿದ ಔಷಧ ಇಡೀ ಮೈಗೆ ತಲುಪುತ್ತದೆ ಎಂಬ ನಮ್ಮ ಭರವಸೆಯ ಹಿಂದಿರುವುದು ಆ ಹಳೆಯ ಗುಣಾಕಾರವೇ.