ಇಬ್ರಿಯರೂ ಇಸ್ರಾಯೇಲ್ಯರೂ

‘ಮೋಶೆಯ ಜೊತೆ ಈಜಿಪ್ಟ್ ಬಿಟ್ಟ ಇಸ್ರೇಲಿಗಳು’ ಎಂದು ಓದುಗರೊಬ್ಬರು ಬರೆದಿದ್ದಾರೆ. ಪತ್ರ ಸೊಗಸಾಗಿದೆ, ಆ ಒಂದು ಪದ ಮಾತ್ರ ಅನ್ನದಲ್ಲಿ ಸಿಕ್ಕ ಕಲ್ಲು. ಇಸ್ರೇಲಿ ಎಂದರೆ 1948ರಲ್ಲಿ ಹುಟ್ಟಿದ ದೇಶದ ಪ್ರಜೆ. ಅವರಲ್ಲಿ ಅರಬರೂ ಇದ್ದಾರೆ. ಆ ಹಳಬರಿಗೆ ಕನ್ನಡ ಬೈಬಲ್ ಇಸ್ರಾಯೇಲ್ಯರು ಎಂಬ ಒಳ್ಳೆಯ ಹೆಸರನ್ನು ಎಂದೋ ಕೊಟ್ಟಿದೆ. ಇಬ್ರಿಯರು, ಯೆಹೂದ್ಯರು ಎಂಬ ಮಾತುಗಳೂ ಅಲ್ಲೇ ಇವೆ, ಬೇರೆ ಬೇರೆ ಕೆಲಸಕ್ಕೆ. ನಮ್ಮ ಟೀವಿಯವರಿಗೆ ಎಲ್ಲವೂ ಒಂದೇ ಆಗಿಹೋಗಿದೆ.

ಇಬ್ರಿಯ ಎಂಬುದರ ಧಾತು ಯಾವುದು ಎಂಬ ಜಗಳವನ್ನು ನಿಘಂಟಿನವರಿಗೆ ಬಿಡುತ್ತೇನೆ. ಅದನ್ನು ಯಾರು, ಯಾರ ಎದುರಿಗೆ ಹೇಳುತ್ತಾರೆ ಎನ್ನುವುದೇ ನನಗೆ ಮುಖ್ಯ. ಪೋಟೀಫರನ ಹೆಂಡತಿ ಯೋಸೇಫನ ಮೇಲೆ ದೂರು ಹೇಳುವಾಗ ಇಬ್ರಿಯ ಎನ್ನುತ್ತಾಳೆ. ಜಂಬಿನ ಪೆಟ್ಟಿಗೆಯಲ್ಲಿ ಅಳುವ ಕೂಸನ್ನು ಕಂಡ ಫರೋಹನ ಮಗಳ ಬಾಯಲ್ಲೂ ಅದೇ. ಬಿರುಗಾಳಿಯಲ್ಲಿ ಹಡಗಿನವರು ನೀನು ಯಾರೆಂದು ಕೇಳಿದಾಗ ಯೋನ ತನ್ನನ್ನು ಇಬ್ರಿಯ ಎಂದೇ ಹೇಳಿಕೊಳ್ಳುತ್ತಾನೆ; ಕೇಳುವವರು ಪರಕೀಯರು ತಾನೆ! ಬಹುಮಟ್ಟಿಗೆ ಇದು ಹೊರಗಿನವರ ಕಿವಿಗೆ, ಹೊರಗಿನವರ ಬಾಯಿಗೆ ಇದ್ದ ಹೆಸರು.

ಸಮುವೇಲನ ಮೊದಲ ಗ್ರಂಥದ 14ನೇ ಅಧ್ಯಾಯವನ್ನು ನಾನು ಮತ್ತೆ ಮತ್ತೆ ಓದುತ್ತೇನೆ. ಇಸ್ರಾಯೇಲ್ಯರ ಅರಸ ಸೌಲನ ಮಗ ಯೋನಾತಾನನೂ ಅವನ ಆಯುಧ ಹೊರುವವನೂ ಮಿಕ್ಮಾಷಿನ ಕಡಿದಾದ ಬಂಡೆಯನ್ನು ಅಂಗೈ ಅಂಗಾಲು ಊರಿ ಹತ್ತುತ್ತಾರೆ. ಮೇಲೆ ಕಾವಲಿರುವ ಶತ್ರುಗಳಾದ ಫಿಲಿಷ್ಟಿಯರು, ಇಬ್ರಿಯರು ಅಡಗಿದ್ದ ಬಿಲಗಳಿಂದ ಹೊರಬರುತ್ತಿದ್ದಾರೆ ನೋಡಿ ಎಂದು ನಗುತ್ತಾರೆ. ಗಳಿಗೆಯಲ್ಲಿ ಅವರ ದಂಡು ದಿಕ್ಕೆಡುತ್ತದೆ. ಆಗ ಅದುವರೆಗೆ ಫಿಲಿಷ್ಟಿಯರ ಪಾಳೆಯದಲ್ಲೇ ಇದ್ದ ಇಬ್ರಿಯರು ಪಕ್ಷ ಬದಲಿಸಿ, ಸೌಲನ ಕಡೆಯ ಇಸ್ರಾಯೇಲ್ಯರನ್ನು ಕೂಡಿಕೊಳ್ಳುತ್ತಾರೆ. ಎಫ್ರಾಯೀಮ್ ಬೆಟ್ಟಗಳಲ್ಲಿ ಅವಿತಿದ್ದ ಇಸ್ರಾಯೇಲ್ಯರು ಬಂದದ್ದನ್ನು ಮುಂದಿನ ವಾಕ್ಯ ಬೇರೆಯಾಗಿಯೇ ಹೇಳುತ್ತದೆ. ಎರಡೂ ಒಂದೇ ಜನವಾಗಿದ್ದರೆ ಬರೆದವನು ಇಷ್ಟು ಜೋಪಾನವಾಗಿ ಎರಡು ಹೆಸರು ಹಿಡಿಯುತ್ತಿದ್ದನೆ?

ಅದಕ್ಕೇ ನನ್ನ ವಾದ: ಇಬ್ರಿಯ ಮೊದಲು ಕುಲದ ಹೆಸರಲ್ಲ, ಪಾಡಿನ ಹೆಸರು. 1887ರಲ್ಲಿ ಈಜಿಪ್ಟಿನ ಅಮರ್ನಾದಲ್ಲಿ ಸಿಕ್ಕ ಮಣ್ಣಿನ ಹಲಗೆಗಳಲ್ಲಿ ಯೆರೂಸಲೇಮಿನ ದೊರೆ ಅಬ್ದಿ-ಹೆಬಾ, ಹಬಿರುಗಳು ನಾಡು ದೋಚುತ್ತಿದ್ದಾರೆ, ಬಿಲ್ಲಾಳುಗಳನ್ನು ಕಳಿಸಿ ಎಂದು ಫರೋಹನಿಗೆ ಗೋಗರೆಯುತ್ತಾನೆ. ಹಬಿರು ಎಂದರೆ ನೆಲೆ ತಪ್ಪಿದವರು, ಕೂಲಿ ಸೈನಿಕರು, ದಂಗೆಕೋರರು. ಹಬಿರುವಿಗೂ ಇಬ್ರಿಯನಿಗೂ ನಂಟಿಲ್ಲ ಎನ್ನುವ ಪಂಡಿತರಿದ್ದಾರೆ. ಮಿಕ್ಮಾಷಿನ ಪಕ್ಷಾಂತರಿಗಳನ್ನು ನೋಡಿದ ಮೇಲೆ ನಾನಂತೂ ಒಪ್ಪಲಾರೆ.

ಇಸ್ರಾಯೇಲ್ ಎಂಬ ಹೆಸರಿನ ಹಳೆಯ ಗುರುತು ಕ್ರಿ.ಪೂ. ಸುಮಾರು 1208ರ, ಫರೋಹ ಮೆರ್ನೆಪ್ತಾನ ಶಿಲಾಶಾಸನದಲ್ಲಿದೆ. 1896ರಲ್ಲಿ ಪುರಾತತ್ವಜ್ಞ ಫ್ಲಿಂಡರ್ಸ್ ಪೆಟ್ರಿ ಈಜಿಪ್ಟಿನ ಥೀಬ್ಸ್‌ನಲ್ಲಿ ಕಂಡದ್ದು. ಕಾನಾನಿನ ಊರುಗಳಾದ ಅಷ್ಕೆಲೋನ್, ಗೆಜೆರ್ ಹೆಸರುಗಳ ಪಕ್ಕ ಲಿಪಿಕಾರ ನಾಡಿನ ಚಿಹ್ನೆ ಕೆತ್ತಿದ. ಇಸ್ರಾಯೇಲ್ ಪಕ್ಕದಲ್ಲಿ ಕೂತ ಗಂಡಸು, ಹೆಂಗಸು, ಕೆಳಗೆ ಮೂರು ಗೆರೆ: ಅಂದರೆ ಜನ. ಈ ಜನ ನೆಲೆಸಿದ್ದ ಆ ಕಾಲದ ಬೆಟ್ಟದೂರುಗಳ ಮಡಕೆ ಕುಡಿಕೆಗಳೂ ಕಾನಾನ್ಯರವನ್ನೇ ಹೋಲುತ್ತವೆ. ಈ ಇಸ್ರಾಯೇಲ್ಯರಲ್ಲಿ ಬಹಳ ಮಂದಿ ಕಾನಾನಿನವರೇ ಇರಬೇಕು. ಸೌಲನ ಕಡೆಗೆ ಹಾರಿದ ಇಬ್ರಿಯರಂತೆ ಅವರೂ ಬಂದು ಸೇರಿ ಆ ಹೆಸರನ್ನು ಪಡೆದರು. ಇಸ್ರೇಲಿ ಎಂಬ ಪಾಸ್‌ಪೋರ್ಟಿನ ಪದದಲ್ಲಿ ಈ ಕತೆಗೆ ಜಾಗವಿಲ್ಲ.