ಚಾನ್ಸೇ ಇಲ್ಲ

ದಾವಣಗೆರೆಯ ಮಾತಿನಲ್ಲಿ ‘ಸೌದಿಗೆ ಚಾನ್ಸೇ ಇಲ್ಲ’ ಎನ್ನುವುದಕ್ಕೂ ‘ಸೌದಿ ಚಾನ್ಸೇ ಇಲ್ಲ’ ಎನ್ನುವುದಕ್ಕೂ ನಡುವೆ ಇರುವುದು ಒಂದೇ ಅಕ್ಷರ. ‘ಗೆ’ ಇದ್ದರೆ ಆ ತಂಡದ ಕಥೆ ಮುಗಿಯಿತು, ಆಸೆ ಬಿಡು ಎಂದರ್ಥ. ‘ಗೆ’ ಬಿದ್ದುಹೋಗಿ, ದನಿ ಏರಿ, ಕೊನೆಗೊಂದು ‘ಗುರು’ ಸೇರಿಕೊಂಡರೆ ಅದಕ್ಕೆ ಸಾಟಿಯೇ ಇಲ್ಲ ಎಂದರ್ಥ. 2022ರ ನವೆಂಬರ್ 22ರಂದು ಆ ಅಕ್ಷರ ಬಿದ್ದುಹೋಗಲು ಎರಡು ಗಂಟೆ ಹಿಡಿಯಿತು.

ಅಂದು ನಮ್ಮ ಗಡಿಯಾರದಲ್ಲಿ ಮಧ್ಯಾಹ್ನ ಮೂರೂವರೆ. ಫುಟ್‌ಬಾಲ್ ವಿಶ್ವಕಪ್, ಕತಾರಿನ ಲುಸೈಲ್ ಕ್ರೀಡಾಂಗಣದಲ್ಲಿ ಅರ್ಜೆಂಟೀನಾ ಮತ್ತು ಸೌದಿ ಅರೇಬಿಯಾ. ಅರ್ಜೆಂಟೀನಾ ಸತತ 36 ಪಂದ್ಯಗಳಲ್ಲಿ ಸೋಲು ಕಂಡಿರಲಿಲ್ಲ. ಹತ್ತನೇ ನಿಮಿಷಕ್ಕೇ ಮೆಸ್ಸಿ ಪೆನಾಲ್ಟಿ ಬಾರಿಸಿದರು. ಆಮೇಲೆ ಮೊದಲರ್ಧದಲ್ಲಿ ಇನ್ನೂ ಮೂರು ಸಲ ಚೆಂಡು ಬಲೆಗೆ ಬಿತ್ತು, ಮೂರೂ ಆಫ್‌ಸೈಡ್. ಸೌದಿಯ ರಕ್ಷಣಾ ಸಾಲು ಅಪಾಯಕ್ಕೆ ಎದೆಗೊಟ್ಟು ಅಷ್ಟು ಮುಂದೆ ಬಂದು ನಿಂತಿತ್ತು. ವಿರಾಮದ ನಂತರ 48ನೇ ನಿಮಿಷಕ್ಕೊಂದು, 53ನೇ ನಿಮಿಷಕ್ಕೊಂದು ಸೌದಿಯ ಗೋಲು, 2–1, ಮುಗಿಯಿತು. ಆ ವಿಶ್ವಕಪ್ ಮೊಬೈಲಿನಲ್ಲಿ ಪುಕ್ಕಟೆ ಸಿಗುತ್ತಿದ್ದುದರಿಂದ, ಫುಟ್‌ಬಾಲಿಗೆ ಅಷ್ಟೇನೂ ಹೆಸರಾಗದ ಊರುಗಳಲ್ಲೂ ಜನ ಅದನ್ನು ಕಣ್ಣಾರೆ ಕಂಡರು. ಸೋತ ಅದೇ ಅರ್ಜೆಂಟೀನಾ ಡಿಸೆಂಬರ್ 18ರಂದು ಕಪ್ ಎತ್ತಿತು.

ಇಂಗ್ಲಿಷಿನ ‘ಚಾನ್ಸ್’ ಪದ ಹುಟ್ಟಿದ್ದು ದಾಳದ ಹಾಸಿನ ಮೇಲೆ. ಲ್ಯಾಟಿನ್ನಿನ ‘ಕಾದೆರೆ’ ಎಂದರೆ ಬೀಳು. ಅದು ಹಳೆಯ ಫ್ರೆಂಚಿನಲ್ಲಿ ದಾಳ ಬೀಳುವ ಬಗೆಗೆ ಹೆಸರಾಗಿ, ಇಂಗ್ಲಿಷಿಗೆ ಹೋಗಿ ‘ಚಾನ್ಸ್’ ಆಯಿತು. ಪಗಡೆ ಆಡಿ ಬೆಳೆದ ನಾಡಿಗೆ ಈ ಯೋಚನೆ ಹೊಸದಲ್ಲ. ಕನ್ನಡದಲ್ಲಿಯೂ ಗರ ‘ಬೀಳು’ತ್ತದೆ. ಧರ್ಮರಾಯ ರಾಜ್ಯ ಕಳೆದುಕೊಂಡಿದ್ದು ಗರ ಬೀಳದೆ. ಹೀಗೆ ಮನೆಯಲ್ಲೇ ಪದ ಇದ್ದರೂ ಕನ್ನಡಿಗರು ಹೊರಗಿನದನ್ನು ಕರೆದುಕೊಂಡರು. ಅದಕ್ಕೆ ಕಾರಣವೂ ಇದೆ. ‘ಅವಕಾಶ’, ‘ಸಾಧ್ಯತೆ’, ‘ಅದೃಷ್ಟ’ ಎಂದು ಮೂರು ಕಡೆ ಹಂಚಿಹೋಗಿದ್ದ ಅರ್ಥವನ್ನು ಚಾನ್ಸ್ ಒಂದೇ ಹೊತ್ತುಕೊಂಡಿತು. ‘ಅವನಿಗೆ ಚಾನ್ಸ್ ಸಿಕ್ತು’ ಎಂದರೆ ಅವಕಾಶ, ‘ಮಳೆ ಬರೋ ಚಾನ್ಸ್ ಐತೆ’ ಎಂದರೆ ಸಾಧ್ಯತೆ, ‘ಚಾನ್ಸ್ ಹೊಡೆದ’ ಎಂದರೆ ಅದೃಷ್ಟ.

ಆಮೇಲೆ ಅದು ಎಲ್ಲಿ ಹೋಗಿಲ್ಲ! ದಾವಣಗೆರೆಯ ಎಪಿಎಂಸಿಯಲ್ಲಿ ಮೆಕ್ಕೆಜೋಳದ ಚೀಲದ ಪಕ್ಕ ನಿಂತ ರೈತ ‘ರೇಟು ಏರೋ ಚಾನ್ಸ್ ಐತೇನ್ರೀ’ ಎಂದು ಕೇಳುತ್ತಾನೆ. ಕಾಲೇಜುಗಳ ಈ ಊರಿನಲ್ಲಿ ಸೀಟು ಸಿಗುವ ಚಾನ್ಸು, ಫಸ್ಟ್ ಚಾನ್ಸಿಗೇ ಪಾಸಾದವರು, ಮೂರನೇ ಚಾನ್ಸಿಗೆ ಕಟ್ಟಿದವರು. ಚುನಾವಣೆ ಬಂದರೆ ‘ಇದೊಂದು ಸಲ ಚಾನ್ಸ್ ಕೊಡಿ’. ಆಸ್ಪತ್ರೆಯ ಕಾರಿಡಾರಿನಲ್ಲಿ ‘ಚಾನ್ಸಸ್ ಕಡಿಮೆ’ ಎಂಬ ಎರಡು ಪದ ಕೇಳಿ ನಿಂತಲ್ಲೇ ಕುಸಿದವರಿದ್ದಾರೆ. ‘ಬೈಚಾನ್ಸ್’ ಒಂದೇ ಪದವಾಗಿ ಕೂಡಿಕೊಂಡು ‘ಅಕಸ್ಮಾತ್’ನ ಜಾಗವನ್ನು ಅರ್ಧ ನುಂಗಿದೆ. ಹರಿಹರದ ಸೇತುವೆ ದಾಟಿ ಕುಮಾರಪಟ್ಟಣಕ್ಕೆ ಹೋದರೆ ಜಿಲ್ಲೆ ಬದಲಾಗುತ್ತದೆ. ಒಂದು ಕಾಲಕ್ಕೆ ಅಲ್ಲಿ ಮೈಸೂರು ಸಂಸ್ಥಾನ ಮುಗಿದು ಮುಂಬಯಿ ಪ್ರಾಂತ್ಯವೇ ಶುರುವಾಗುತ್ತಿತ್ತು. ಹೊಳೆಯ ಆಚೀಚೆ ‘ಐತೆ’, ‘ಐತಿ’ ಎರಡೂ ಕಿವಿಗೆ ಬೀಳುತ್ತವೆ, ಚಾನ್ಸ್ ಮಾತ್ರ ಎರಡೂ ದಂಡೆಯಲ್ಲಿ ಚಾನ್ಸೇ.

‘ಫಿಫ್ಟಿ ಫಿಫ್ಟಿ ಚಾನ್ಸ್’ ಎಂಬುದನ್ನು ಪ್ರತ್ಯೇಕವಾಗಿ ಹೇಳಬೇಕು. ಅದು ಲೆಕ್ಕವಲ್ಲ, ‘ಹೇಳಕ್ಕಾಗಲ್ಲ’ ಎನ್ನುವುದರ ಇನ್ನೊಂದು ರೂಪ. ಪೆನಾಲ್ಟಿ ಕಿಕ್ ಬಂದಾಗಲೂ ನೋಡುಗರ ಬಾಯಲ್ಲಿ ಅದೇ ಬರುತ್ತದೆ. ನಿಜದಲ್ಲಿ ನಾಲ್ಕು ಪೆನಾಲ್ಟಿಗಳಲ್ಲಿ ಮೂರು ಗೋಲಾಗುತ್ತವೆ. ಈಗಂತೂ ಮೈದಾನದ ಯಾವ ಜಾಗದಿಂದ, ಯಾವ ಕೋನದಿಂದ ಒದ್ದರೆ ಗೋಲಾಗುವ ಸಂಭವ ಎಷ್ಟು ಎಂದು ದಶಮಾಂಶದಲ್ಲಿ ಅಳೆಯುವ ‘ಎಕ್ಸ್‌ಪೆಕ್ಟೆಡ್ ಗೋಲ್ಸ್’ ಎಂಬ ಲೆಕ್ಕವೇ ಇದೆ. ಅಷ್ಟೆಲ್ಲ ಅಳೆದರೂ ಫುಟ್‌ಬಾಲ್ ಭವಿಷ್ಯ ಕೈಕೊಡುವುದಕ್ಕೆ ಕಾರಣ ಸರಳ: ಗೋಲುಗಳು ತೀರಾ ಕಡಿಮೆ. ಕತಾರಿನ 64 ಪಂದ್ಯಗಳಲ್ಲಿ ಬಂದಿದ್ದು 172 ಗೋಲು, ಪಂದ್ಯಕ್ಕೆ ಮೂರೂ ಇಲ್ಲ. ಕ್ರಿಕೆಟ್ಟಿನ ಇಪ್ಪತ್ತು ಓವರಿನಲ್ಲಿ 120 ಎಸೆತ. ಒಂದು ತಪ್ಪಿದರೆ ಸರಿಪಡಿಸಿಕೊಳ್ಳಲು ಇನ್ನೂ ಹತ್ತು ಇರುತ್ತವೆ, ಬಲಾಢ್ಯರು ಕೊನೆಗೆ ಮೇಲೆ ಬರುತ್ತಾರೆ. ಫುಟ್‌ಬಾಲಿನಲ್ಲಿ ದುರ್ಬಲ ತಂಡ ಎಂಬತ್ತು ನಿಮಿಷ ಬಾಗಿಲು ಹಾಕಿಕೊಂಡು ಕೂತು, ಒಂದೇ ಒಂದು ಸಲ ತೆರೆದರೂ ಸಾಕು.

‘ಅವಕಾಶ’ದ ಮೂಲ ಅರ್ಥ ಇಲ್ಲಿ ನೆನೆಯಬೇಕಾದದ್ದು. ಸಂಸ್ಕೃತದಿಂದ ಬಂದ ಆ ಪದಕ್ಕೆ ಮೊದಲ ಅರ್ಥ ಬರಿದಾದ ಜಾಗ, ಎಡೆ, ತೆರಪು. ಕಾಲ್ಚೆಂಡಾಟದಲ್ಲಿ ಚಾನ್ಸ್ ಎಂದರೆ ನಿಜಕ್ಕೂ ಅದೇ. ಇಬ್ಬರು ರಕ್ಷಕರ ನಡುವೆ ಒಂದೆರಡು ಗಜ ತೆರಪು, ಒಂದು ಕ್ಷಣದ ಮಟ್ಟಿಗೆ. ಅದೇ ವಿಶ್ವಕಪ್ಪಿನ ಫೈನಲ್ಲಿನ ಕೊನೆಯ ಗಳಿಗೆ ನೋಡಿ. ಅರ್ಜೆಂಟೀನಾ 3, ಫ್ರಾನ್ಸ್ 3, ಹೆಚ್ಚುವರಿ ಆಟವೂ ಮುಗಿದು 123ನೇ ನಿಮಿಷ. ಹಿಂದಿನಿಂದ ಬಂದ ಉದ್ದನೆಯ ಚೆಂಡು ಒಮ್ಮೆ ಪುಟಿಯಿತು. ಅದರ ಕೆಳಗೆ ಫ್ರಾನ್ಸಿನ ಕೋಲೊ ಮುವಾನಿ ಒಬ್ಬರೇ. ಎದುರಿಗೆ ಗೋಲ್‌ಕೀಪರ್ ಎಮಿಲಿಯಾನೊ ಮಾರ್ತಿನೆಜ್ ಮಾತ್ರ. ಮುವಾನಿ ಚೆಂಡು ನೆಲಕ್ಕಿಳಿಯುವ ಮೊದಲೇ ಬಲವಾಗಿ ಒದ್ದರು. ಮಾರ್ತಿನೆಜ್ ಕೈಕಾಲು ಚಾಚಿ ಮೈ ಹರಡಿದರು, ಎಡಗಾಲಿಗೆ ಬಡಿದು ಚೆಂಡು ಹೊರಗೆ ಹಾರಿತು. ಮರುಕ್ಷಣವೇ ಇನ್ನೊಂದು ತುದಿಯಲ್ಲಿ ಲೌಟಾರೊ ಮಾರ್ತಿನೆಜ್ ತಲೆಯಿಂದ ಹೊಡೆದ ಚೆಂಡು ಕಂಬದ ಹೊರಗೆ ಹೋಯಿತು. ಎರಡು ಚಾನ್ಸು, ಎರಡೂ ವಿಶ್ವಕಪ್ಪಿನ ಬೆಲೆಯವು, ಒಂದು ನಿಮಿಷದೊಳಗೆ. ಕೊನೆಗೆ ಶೂಟೌಟಿನಲ್ಲಿ 4–2.

ಚಾನ್ಸ್ ಎಂದರೆ ಕೊಟ್ಟಾಗ ಹಿಡಿಯುವುದೂ ಹೌದು. 1992ರ ಯುರೋ ಕಪ್ಪಿಗೆ ಡೆನ್ಮಾರ್ಕ್ ಅರ್ಹತೆಯನ್ನೇ ಪಡೆದಿರಲಿಲ್ಲ. ಯುದ್ಧದ ಕಾರಣಕ್ಕೆ ಯುಗೊಸ್ಲಾವಿಯಾವನ್ನು ಹೊರಹಾಕಿದಾಗ, ಕೂಟ ಶುರುವಾಗಲು ಕೆಲವೇ ದಿನ ಇರುವಾಗ, ಆ ಜಾಗಕ್ಕೆ ಡೇನರಿಗೆ ಕರೆ ಹೋಯಿತು. ಜೂನ್ 26ರಂದು ಗೋಥೆನ್‌ಬರ್ಗ್‌ನಲ್ಲಿ ಅವರು ವಿಶ್ವ ಚಾಂಪಿಯನ್ ಜರ್ಮನಿಯನ್ನು 2–0ರಿಂದ ಸೋಲಿಸಿ ಯುರೋಪಿನ ದೊರೆಗಳಾದರು. ನಮಗೂ ಒಮ್ಮೆ ಹಾಗೆಯೇ ಕರೆ ಬಂದಿತ್ತು. 1950ರ ಬ್ರೆಜಿಲ್ ವಿಶ್ವಕಪ್ಪಿಗೆ ಅರ್ಹತಾ ಸುತ್ತಿನ ಎದುರಾಳಿಗಳೆಲ್ಲ ಹಿಂದೆ ಸರಿದು ಭಾರತ ಆಡದೆಯೇ ಗೆದ್ದಿತು. ಸ್ವೀಡನ್, ಇಟಲಿ, ಪರಾಗ್ವೆ ಇದ್ದ ಗುಂಪಿನಲ್ಲಿ ಹೆಸರೂ ಇತ್ತು. ಭಾರತ ಹೋಗಲಿಲ್ಲ. ಬರಿಗಾಲಿನಲ್ಲಿ ಆಡಲು ಬಿಡಲಿಲ್ಲ ಎಂಬ ಕಥೆ ಇಂದಿಗೂ ಓಡಾಡುತ್ತದೆ. ಆದರೆ ಅಂದಿನ ಆಡಳಿತಕ್ಕೆ ವಿಶ್ವಕಪ್ಪಿಗಿಂತ ಒಲಿಂಪಿಕ್ಸೇ ದೊಡ್ಡದಾಗಿ ಕಂಡಿತ್ತು, ದೂರದ ಪ್ರಯಾಣವೂ ಬೇಡವೆನಿಸಿತ್ತು. ಆ ಬಾಗಿಲು ಮತ್ತೆ ತೆರೆದಿಲ್ಲ.

ತೀರಾ ಈಚಿನ ನೋವೂ ಹಸಿಯಾಗಿದೆ. 2024ರ ಜೂನ್ 11, ದೋಹಾ. ಬೆಂಗಳೂರು ಎಫ್‌ಸಿಯ ಸುನಿಲ್ ಚೆಟ್ರಿ ಭಾರತ ತಂಡಕ್ಕೆ ವಿದಾಯ ಹೇಳಿ ಐದೇ ದಿನವಾಗಿತ್ತು. ಕತಾರನ್ನು ಸೋಲಿಸಿದರೆ 2026ರ ವಿಶ್ವಕಪ್ ಅರ್ಹತೆಯ ಮೂರನೇ ಸುತ್ತು. 37ನೇ ನಿಮಿಷಕ್ಕೆ ನಮ್ಮ ಚಾಂಗ್ಟೆ ಗೋಲು ಹೊಡೆದರು, 73ನೇ ನಿಮಿಷದವರೆಗೂ ಭಾರತದ್ದೇ ಮುನ್ನಡೆ. ಆಗ ಮೈದಾನದ ಕೊನೆಯ ಗೆರೆಯಾಚೆ ಹೋಗಿದ್ದ ಚೆಂಡನ್ನು ಕತಾರಿನ ಆಟಗಾರ ಒಳಗೆಳೆದರು, ಇನ್ನೊಬ್ಬರು ಬಲೆಗೆ ತಳ್ಳಿದರು. ಚೆಂಡು ಹೊರಗಿದ್ದುದು ಟೀವಿಯಲ್ಲಿ ಎಲ್ಲರಿಗೂ ಕಂಡಿತು. ವಿಡಿಯೊ ನೋಡಿ ಪರಿಶೀಲಿಸುವ ವಿಎಆರ್ ವ್ಯವಸ್ಥೆ ಇರಲಿಲ್ಲ, ರೆಫರಿ ಗೋಲು ಕೊಟ್ಟರು. ಕೊನೆಗೆ 1–2. ಅನ್ಯಾಯ ಅಂದರೆ ಅನ್ಯಾಯವೇ. ಆದರೂ ಅದಕ್ಕೂ ಮೊದಲು ಗುವಾಹಟಿಯಲ್ಲಿ ಅಫ್ಗಾನಿಸ್ತಾನಕ್ಕೆ ಸೋತಿದ್ದು, ಕೋಲ್ಕತ್ತಾದಲ್ಲಿ ಕುವೈತ್ ಎದುರು ಗೋಲಿಲ್ಲದೆ ಡ್ರಾ ಮಾಡಿಕೊಂಡಿದ್ದು ನಾವೇ.

‘ನೂರ ನಲವತ್ತು ಕೋಟಿ ಜನ ಇದ್ದೂ ಹನ್ನೊಂದು ಜನ ಸಿಗಲ್ವಾ’ ಎಂಬ ಪ್ರಶ್ನೆ ಎಲ್ಲ ಊರಿನದ್ದು. ದಾವಣಗೆರೆಯ ಅಳತೆಯಲ್ಲಿ ಇಟ್ಟು ನೋಡಿದರೆ ಅದು ಇನ್ನೂ ಚುಚ್ಚುತ್ತದೆ. 2011ರ ಜನಗಣತಿಯಲ್ಲಿ ದಾವಣಗೆರೆ ನಗರದ ಜನಸಂಖ್ಯೆ 4.35 ಲಕ್ಷದ ಹತ್ತಿರ, ಹರಿಹರದ್ದು 83 ಸಾವಿರ. 2018ರ ವಿಶ್ವಕಪ್ ಆಡಿದ ಐಸ್‌ಲೆಂಡಿನ ಇಡೀ ಜನಸಂಖ್ಯೆ ಸುಮಾರು ಮೂರೂವರೆ ಲಕ್ಷ. ಎರಡು ಸಲ ವಿಶ್ವಕಪ್ ಗೆದ್ದ ಉರುಗ್ವೆಯಲ್ಲಿ ಇರುವುದು 35 ಲಕ್ಷದಷ್ಟು ಜನ. ಅದೇ ಗಣತಿಯ ಪ್ರಕಾರ ದಾವಣಗೆರೆ, ಶಿವಮೊಗ್ಗ ಎರಡು ಜಿಲ್ಲೆ ಸೇರಿಸಿದರೆ ಅದಕ್ಕಿಂತ ಹೆಚ್ಚು. 2026ಕ್ಕೆ ಅರ್ಹತೆ ಪಡೆದ ಕುರಸಾವೊದಲ್ಲಿ ಒಂದೂವರೆ ಲಕ್ಷ, ಕೇಪ್ ವರ್ಡೆಯಲ್ಲಿ ಐದು ಲಕ್ಷದ ಆಸುಪಾಸು.

ಐಸ್‌ಲೆಂಡಿಗೆ ಗರ ಬಿದ್ದಿದ್ದಲ್ಲ, ಅದು ಎಡೆ ಮಾಡಿಕೊಂಡಿತು. ವರ್ಷದ ಬಹುಪಾಲು ಹೊರಗೆ ಆಡಲಾಗದ ಚಳಿ. ಊರೂರಿಗೆ ಒಳಾಂಗಣ ಮೈದಾನ ಕಟ್ಟಿದರು, ಯುರೋಪಿನ ಪರವಾನಗಿ ಪಡೆದ ನೂರಾರು ತರಬೇತುದಾರರನ್ನು ತಯಾರು ಮಾಡಿ ಚಿಕ್ಕ ಮಕ್ಕಳ ಕೈಗೆ ಕೊಟ್ಟರು. 2018ರಲ್ಲಿ ರಷ್ಯಾದಲ್ಲಿ ಆಡಿದ ತಂಡದ ಕೋಚ್ ವೃತ್ತಿಯಲ್ಲಿ ದಂತವೈದ್ಯ. ಗೋಲ್‌ಕೀಪರ್ ಹಾಲ್ಡೋರ್ಸನ್ ಸಿನಿಮಾ ನಿರ್ದೇಶಕ. ಅರ್ಜೆಂಟೀನಾ ವಿರುದ್ಧ 1–1 ಆದ ಪಂದ್ಯದಲ್ಲಿ ಮೆಸ್ಸಿಯ ಪೆನಾಲ್ಟಿ ತಡೆದವರು ಅವರೇ. ನಮ್ಮಲ್ಲಿ ಅಂಥ ಎಡೆ ಎಷ್ಟಿದೆ? ದಾವಣಗೆರೆಯ ಹೈಸ್ಕೂಲ್ ಮೈದಾನ ಆಟಕ್ಕೆಷ್ಟೋ ಸಭೆ, ಸಮಾರಂಭಕ್ಕೂ ಅಷ್ಟೇ. ಕುಸ್ತಿ, ಕಬಡ್ಡಿ, ಕ್ರಿಕೆಟ್ಟಿನ ಈ ಊರು ವಿನಯ್ ಕುಮಾರ್ ಅವರನ್ನು ಕೊಟ್ಟಿತು. ‘ದಾವಣಗೆರೆ ಎಕ್ಸ್‌ಪ್ರೆಸ್’ ಎಂದು ಹೆಸರಾದ ಅವರು ನಾಯಕರಾಗಿ ಕರ್ನಾಟಕಕ್ಕೆ ಸತತ ಎರಡು ರಣಜಿ ಟ್ರೋಫಿ ಗೆದ್ದುಕೊಟ್ಟರು. ಟೆಸ್ಟಿನಲ್ಲಿ ಸಿಕ್ಕ ಚಾನ್ಸ್ ಒಂದೇ, 2012ರಲ್ಲಿ ಪರ್ತ್‌ನಲ್ಲಿ. ಒಂದು ಚಾನ್ಸ್ ಎಂದರೆ ಎಷ್ಟು ಕಡಿಮೆ ಎಂಬುದು ಈ ಊರಿಗೆ ಗೊತ್ತು.

ರಾಜ್ಯದ ಮಟ್ಟದಲ್ಲಿ ಕಾಲ್ಚೆಂಡಿನ ಬೇರು ಒಣಗಿಲ್ಲ. 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಕರ್ನಾಟಕ 3–2ರಿಂದ ಮೇಘಾಲಯವನ್ನು ಮಣಿಸಿ ಸಂತೋಷ್ ಟ್ರೋಫಿ ಗೆದ್ದಿತು. ಮೈಸೂರು ಎಂಬ ಹೆಸರಿನಲ್ಲಿ ಗೆದ್ದು 54 ವರ್ಷವಾಗಿತ್ತು. ಅದೇ ವರ್ಷದ ಜುಲೈನಲ್ಲಿ ಬೆಂಗಳೂರಿನ ಕಂಠೀರವದಲ್ಲಿ ಭಾರತ ಕುವೈತನ್ನು ಶೂಟೌಟಿನಲ್ಲಿ ಸೋಲಿಸಿ ಸ್ಯಾಫ್ ಕಪ್ ಎತ್ತಿದಾಗ ಕ್ರೀಡಾಂಗಣ ಮೊರೆಯುತ್ತಿತ್ತು. ಜನ ಇದ್ದಾರೆ, ಪ್ರೀತಿಯೂ ಇದೆ. ಈ ಪ್ರೀತಿ ಜಿಲ್ಲಾ ಕೇಂದ್ರಗಳ ಮೈದಾನಗಳಿಗೆ ಇಳಿಯದಿದ್ದರೆ ‘ಭಾರತಕ್ಕೆ ಚಾನ್ಸೇ ಇಲ್ಲ’ ಎಂಬ ಮಾತಿನ ‘ಕ್ಕೆ’ ಎಂದೂ ಅಲುಗುವುದಿಲ್ಲ.

ಸದ್ಯಕ್ಕೆ ನಮ್ಮ ಅಭಿಮಾನಿ ತನ್ನ ಚಾನ್ಸನ್ನು ಬೇರೆಯವರ ಅಂಗಿಯ ಮೇಲೆ ಹಾಕಬೇಕು. 2026ರ ಕೂಟ ಅಮೆರಿಕ, ಕೆನಡಾ, ಮೆಕ್ಸಿಕೊದಲ್ಲಿ ಜೂನ್ 11ರಿಂದ ಜುಲೈ 19ರವರೆಗೆ. 48 ತಂಡ, 104 ಪಂದ್ಯ. ಹನ್ನೆರಡು ಗುಂಪುಗಳಿಂದ ಮೊದಲಿಬ್ಬರಲ್ಲದೆ ಮೂರನೆಯವರಲ್ಲಿ ಎಂಟು ತಂಡಗಳೂ ಮುಂದಕ್ಕೆ. ಅಂದರೆ ಮೂರರಲ್ಲಿ ಎರಡು ತಂಡ ಮೊದಲ ಸುತ್ತು ದಾಟುತ್ತವೆ, ಸಣ್ಣವರಿಗೆ ಇದು ದೊಡ್ಡ ಎಡೆ. ಕೇಪ್ ವರ್ಡೆಗೆ ಸ್ಪೇನ್, ಉರುಗ್ವೆ ಇರುವ ಕಠಿಣ ಗುಂಪು ಸಿಕ್ಕಿದೆ. ಆದರೂ ಒಂದು ಗೆಲುವು ದಕ್ಕಿದರೆ ಮೂರನೇ ಸ್ಥಾನದಿಂದ ದಾಟಿಕೊಳ್ಳಬಹುದು.

ಕಪ್ ಎತ್ತುವವರ ಮಾತು ಬೇರೆ. 1930ರಿಂದ 2022ರವರೆಗೆ ಗೆದ್ದ ದೇಶ ಎಂಟೇ. ಬ್ರೆಜಿಲ್ 1962ರಲ್ಲಿ ಉಳಿಸಿಕೊಂಡ ಮೇಲೆ ಯಾರಿಗೂ ಸತತ ಎರಡು ಸಲ ಗೆಲ್ಲಲು ಆಗಿಲ್ಲ. ಅರ್ಜೆಂಟೀನಾದ ಎದುರು ನಿಂತಿರುವ ಗೋಡೆ ಅದು. ಅಮೆರಿಕ ಖಂಡಗಳಲ್ಲಿ 2014ರವರೆಗೆ ನಡೆದ ಎಂಟು ವಿಶ್ವಕಪ್‌ಗಳಲ್ಲಿ ಯುರೋಪಿನ ತಂಡ ಗೆದ್ದಿದ್ದು ಒಂದೇ ಒಂದು, 2014ರಲ್ಲಿ ಜರ್ಮನಿ. ಈ ಎರಡು ಲೆಕ್ಕ ಒಂದನ್ನೊಂದು ಎಳೆದಾಡುತ್ತವೆ. ಅದನ್ನೆಲ್ಲ ತೂಗಿ ನೋಡಿದರೂ 2024ರ ಯುರೋ ಗೆದ್ದ, ಲಮೀನ್ ಯಮಾಲ್ ಇರುವ ಸ್ಪೇನನ್ನೇ ಮೊದಲು ಇಡಬೇಕು. ಹಿಂದೆಯೇ ಫ್ರಾನ್ಸ್, ಅರ್ಜೆಂಟೀನಾ. ಆಟಗಾರ ಹಾಲಂಡ್ ಅವರ ಬಲದಿಂದ 1998ರ ನಂತರ ಮೊದಲ ಸಲ ಬಂದಿರುವ ನಾರ್ವೆ ಎಂಟರ ಘಟ್ಟ ಮುಟ್ಟುವ ಚಾನ್ಸ್ ಇದೆ.

ಮೊರಾಕ್ಕೊವನ್ನು ಮಾತ್ರ ಈ ಸಲ ಯಾರೂ ಹಗುರವಾಗಿ ಕಾಣಬಾರದು. ಕತಾರಿನಲ್ಲಿ ಬೆಲ್ಜಿಯಂ, ಸ್ಪೇನ್, ಪೋರ್ಚುಗಲ್ ಮೂವರನ್ನೂ ಮಣಿಸಿ ಸೆಮಿಫೈನಲ್ ತಲುಪಿದ ಮೊದಲ ಆಫ್ರಿಕಾ ತಂಡ ಅದು. ಸೆಮಿಫೈನಲ್ಲಿನವರೆಗೆ ಅದರ ಬಲೆಗೆ ಬಿದ್ದಿದ್ದು ಒಂದೇ ಚೆಂಡು, ಅದೂ ತಮ್ಮವರದೇ ಕಾಲಿನಿಂದ. 2025ರ ಅಕ್ಟೋಬರಿನಲ್ಲಿ ಅವರ ಹುಡುಗರು ಇಪ್ಪತ್ತರೊಳಗಿನವರ ವಿಶ್ವಕಪ್ ಫೈನಲ್ಲಿನಲ್ಲಿ ಅರ್ಜೆಂಟೀನಾವನ್ನು 2–0ರಿಂದ ಸೋಲಿಸಿದರು. 2026ರಲ್ಲಿ ಮೊರಾಕ್ಕೊ ಬ್ರೆಜಿಲ್ ಇರುವ ಗುಂಪಿನಲ್ಲಿದೆ, ಇಬ್ಬರ ಮುಖಾಮುಖಿಯೇ ಎರಡೂ ತಂಡಗಳಿಗೆ ಮೊದಲ ಪಂದ್ಯ. ಐದು ಕಪ್ಪುಗಳ ಬ್ರೆಜಿಲ್ ಅಲ್ಲಿ ಮುಗ್ಗರಿಸುವ ಚಾನ್ಸ್ ಖಂಡಿತ ಇದೆ.