ಐಜಿಎಂಪಿ ಸ್ನೂಪಿಂಗ್ ಆಫ್ ಮಾಡಿದರೆ ಸಿಸಿಟಿವಿ ಸಮಸ್ಯೆ ಬಗೆಹರಿಯುತ್ತದೆಯೇ?

ಸಾರಾಂಶ

ಅಪಾರ್ಟ್‌ಮೆಂಟ್‌ನ ಸಿಸಿಟಿವಿ ಚಿತ್ರ ನಾಲ್ಕೈದು ನಿಮಿಷಕ್ಕೆ ನಿಂತುಹೋದರೆ, ನೆಟ್‌ವರ್ಕ್ ಸ್ವಿಚ್‌ನಲ್ಲಿ ‘ಐಜಿಎಂಪಿ ಸ್ನೂಪಿಂಗ್’ ಆಫ್ ಮಾಡಿ ಎಂಬ ಸಲಹೆ ನಿಮಗೂ ಸಿಕ್ಕಿರಬಹುದು. ಇದು ಅರ್ಧಸತ್ಯ. ಚಿತ್ರ ಮರಳಿ ಬರಬಹುದು. ಆದರೆ ಇಡೀ ಕಟ್ಟಡದ ನೆಟ್ ನಿಧಾನವಾಗುವ ಅಪಾಯವಿದೆ.

ಮಲ್ಟಿಕಾಸ್ಟ್ ಎಂದರೇನು?

ಮಲ್ಲೇಶ್ವರದ ಪೇಪರ್ ಏಜೆಂಟರನ್ನು ನೆನಪಿಸಿಕೊಳ್ಳಿ. ಪತ್ರಿಕೆಯ ಕಟ್ಟು ಬೆಳಗಿನ ಜಾವ ಒಂದೇ ಸಲ ಬಂದಿಳಿಯುತ್ತದೆ. ಯಾವ ಮನೆಗೆ ಯಾವ ಪತ್ರಿಕೆ ಎಂಬ ಪಟ್ಟಿ ನೋಡಿ ಅವರು ಹಂಚುತ್ತಾರೆ. ಮಲ್ಟಿಕಾಸ್ಟ್ ಕೂಡ ಹಾಗೆಯೇ. ಕ್ಯಾಮೆರಾ ಒಂದೇ ಪ್ರತಿ ಕಳುಹಿಸುತ್ತದೆ, ಸ್ವಿಚ್ ಅದನ್ನು ಕೇಳಿದವರಿಗೆ ಮಾತ್ರ ತಲುಪಿಸುತ್ತದೆ. ಆ ಪಟ್ಟಿ ಇಡುವ ಕೆಲಸವೇ ಐಜಿಎಂಪಿ ಸ್ನೂಪಿಂಗ್.

ಚಿತ್ರ ನಿಲ್ಲುವುದೇಕೆ?

‘ನಿಮಗೆ ಪತ್ರಿಕೆ ಇನ್ನೂ ಬೇಕೇ?’ ಎಂದು ಯಾರಾದರೂ ಆಗಾಗ ಕೇಳುತ್ತಿರಬೇಕು. ಹೀಗೆ ಕೇಳುವ ಸಾಧನಕ್ಕೆ ‘ಕ್ವೆರಿಯರ್’ ಎನ್ನುತ್ತಾರೆ. ಅದು ಸಾಮಾನ್ಯವಾಗಿ 125 ಸೆಕೆಂಡಿಗೊಮ್ಮೆ ಕೇಳುತ್ತದೆ. ಕೇಳುವವರೇ ಇಲ್ಲದಿದ್ದರೆ ಉತ್ತರವೂ ಬರುವುದಿಲ್ಲ. ಸುಮಾರು 260 ಸೆಕೆಂಡು, ಅಂದರೆ 4 ನಿಮಿಷ 20 ಸೆಕೆಂಡು ಕಳೆದ ಮೇಲೆ ಹಲವು ಸ್ವಿಚ್‌ಗಳು ಹೆಸರನ್ನು ಪಟ್ಟಿಯಿಂದ ತೆಗೆದುಬಿಡುತ್ತವೆ. ಚಿತ್ರ ನಿಲ್ಲುತ್ತದೆ, ಬೈಗುಳ ಕ್ಯಾಮೆರಾಗೆ!

ಆಫ್ ಮಾಡಿದರೆ ಏನಾಗುತ್ತದೆ?

ಪಟ್ಟಿಯೇ ಇಲ್ಲದ ಏಜೆಂಟ್ ಎಲ್ಲ ಮನೆಗೂ ಎಲ್ಲ ಪತ್ರಿಕೆ ಎಸೆದಂತೆ. ಬಸವನಗುಡಿಯ ಒಂದು ಅಪಾರ್ಟ್‌ಮೆಂಟ್‌ನಲ್ಲಿ 16 ಕ್ಯಾಮೆರಾಗಳಿವೆ, ಒಂದೊಂದೂ 4 ಎಂಬಿಪಿಎಸ್ ಕಳುಹಿಸುತ್ತದೆ ಎಂದುಕೊಳ್ಳಿ. ಒಟ್ಟು 64 ಎಂಬಿಪಿಎಸ್ ಆ ನೆಟ್‌ವರ್ಕಿನ ಎಲ್ಲ ಪೋರ್ಟ್‌ಗೂ ನುಗ್ಗುತ್ತದೆ. 100 ಎಂಬಿಪಿಎಸ್ ಪೋರ್ಟ್‌ನಲ್ಲಿ ಉಳಿಯುವುದು 36 ಮಾತ್ರ. ವೈಫೈಗೆ ಇನ್ನೂ ಕಷ್ಟ, ಏಕೆಂದರೆ ಅಲ್ಲಿ ಮಲ್ಟಿಕಾಸ್ಟ್ ಸಾಮಾನ್ಯವಾಗಿ ಕಡಿಮೆ ವೇಗದಲ್ಲೇ ಸಾಗುತ್ತದೆ.

ಸರಿಯಾದ ಕ್ರಮ

1. ಸೆಟ್ಟಿಂಗ್ ಬದಲಿಸಬಹುದಾದ ‘ಮ್ಯಾನೇಜ್ಡ್’ ಸ್ವಿಚ್ ಬಳಸಿ.
2. ಕ್ಯಾಮೆರಾಗಳಿಗೆ ಪ್ರತ್ಯೇಕ ವಿಎಲ್ಎಎನ್ ಮಾಡಿ, ಅದರಲ್ಲಿ ಸ್ನೂಪಿಂಗ್ ಆನ್ ಇಡಿ.
3. ಮುಖ್ಯ ಸ್ವಿಚ್‌ಗೆ ಆ ವಿಎಲ್ಎಎನ್‌ನಲ್ಲಿ ಐಪಿ ವಿಳಾಸ ಕೊಟ್ಟು ಕ್ವೆರಿಯರ್ ಆನ್ ಮಾಡಿ. ಎರಡು ಕ್ವೆರಿಯರ್ ಇದ್ದರೆ, ಚಿಕ್ಕ ಐಪಿ ವಿಳಾಸ ಇರುವುದೇ ಆಯ್ಕೆಯಾಗುತ್ತದೆ.
4. ಪ್ರತಿ ಕ್ಯಾಮೆರಾಗೂ 239ರಿಂದ ಶುರುವಾಗುವ ಬೇರೆ ಬೇರೆ ಮಲ್ಟಿಕಾಸ್ಟ್ ವಿಳಾಸ ಕೊಡಿ. 224.0.0ರಿಂದ ಶುರುವಾಗುವವು ಬೇಡ, ಅವನ್ನು ನೆಟ್‌ವರ್ಕ್ ತನ್ನ ಕೆಲಸಕ್ಕೆ ಕಾಯ್ದಿರಿಸಿಕೊಂಡಿದೆ.
5. ಕನಿಷ್ಠ 10 ನಿಮಿಷ ಚಿತ್ರ ನೋಡಿ. ತಂತ್ರಜ್ಞರು ಎರಡೇ ನಿಮಿಷ ನೋಡಿ ಹೊರಟರೆ ದೋಷ ಕಾಣಿಸುವುದೇ ಇಲ್ಲ.

ಮನೆಯ ಯೂಟ್ಯೂಬ್ ವೇಗ ಹೆಚ್ಚುತ್ತದೆಯೇ?

ಇಲ್ಲ. ಯೂಟ್ಯೂಬ್ ಪ್ರತಿ ಫೋನಿಗೂ ಪ್ರತ್ಯೇಕ ಪ್ರತಿ ಕಳುಹಿಸುತ್ತದೆ, ಅದು ಮಲ್ಟಿಕಾಸ್ಟ್ ಅಲ್ಲ.

ಕೊನೆಯ ಮಾತು

ಕಳ್ಳತನವಾದ ದಿನ ನಿಂತುಹೋದ ಚಿತ್ರ ಯಾರಿಗೂ ಉಪಯೋಗವಿಲ್ಲ. ‘ಸ್ನೂಪಿಂಗ್ ಆಫ್ ಮಾಡಿ’ ಎಂಬ ಸಂದೇಶ ಫಾರ್ವರ್ಡ್ ಮಾಡುವ ಮೊದಲು, ‘ಕ್ವೆರಿಯರ್ ಆನ್ ಇದೆಯೇ?’ ಎಂದು ನಿಮ್ಮ ತಂತ್ರಜ್ಞರನ್ನು ಕೇಳಿ.